ಮಾವನ ಹಳೇ ಫೋನು, ಕಿವಿ ಮಿಷನ್ನು

ನಮ್ಮ ಮಾವನ ಫೋನಿನ ಮಾತು ಬಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಮೂರು ವಾರ ಅದರ ಜೊತೆ ಹೆಣಗಿದ್ದೇನೆ. ಬಿ.ಎಡ್. ಪರೀಕ್ಷೆಗೂ ನಾನು ಇಷ್ಟು ಕಷ್ಟಪಟ್ಟಿರಲಿಲ್ಲ. ಮಾಡಬೇಕಾಗಿದ್ದದ್ದು ಮಾತ್ರ ಒಂದೇ ಕೆಲಸ. ಆ ಓಬೀರಾಯನ ಕಾಲದ ಫೋನಿಗೆ ಆ್ಯಪ್ ಸ್ಟೋರು ಕೂರಿಸಿ, ಆ ಸ್ಟೋರಿನಿಂದ ಒಂದು ಆ್ಯಪ್ ಇಳಿಸಿಕೊಡುವುದು.

ಶುರುವಾದದ್ದು ಮಾವನ ಕಿವಿಯಿಂದ. ಅವರು ಶಿವನಸಮುದ್ರದ ಪವರ್ ಹೌಸಿನಲ್ಲಿ ಆಪರೇಟರ್ ಆಗಿದ್ದು ರಿಟೈರಾದವರು. ಏಳೆಂಟು ವರ್ಷಗಳಿಂದ ಕಿವಿ ಮಂದವಾಗುತ್ತಾ ಬಂದು ಕೊನೆಗೆ ಪೂರ್ತಿ ಕಿವುಡೇ ಅನ್ನುವ ಹಾಗಾಯಿತು. ಬಂದವರು ಯಾರಾದರೂ ಮಿಷನ್ ಸದ್ದಿಗೇ ಹೀಗಾಯಿತೇನೋ ಅಂದರೆ ಅವರಿಗೆ ಎಲ್ಲಿಲ್ಲದ ಸಿಟ್ಟು. "ಮಿಷನ್ ಮ್ಯಾಲೆ ಯಾಕ್ ಆಕ್ತೀರಿ? ನಮ್ಮಪ್ಪನ್ಗೂ ಇಂಗೇ ಆಗಿತ್ತು. ಅವ್ನೇನ್ ಪವರ್ ಹೌಸ್ ಕಂಡಿದ್ನಾ?" ಅನ್ನುತ್ತಿದ್ದರು.

ಮಳವಳ್ಳಿಯ ನಮ್ಮ ಮನೆಯಲ್ಲಿ ಅವರಿಗೆ ಕೇಳಿಸುತ್ತಿದ್ದದ್ದು ನನ್ನ ಗಂಟಲೊಂದೇ. ಮದ್ದೂರಿನ ಹತ್ತಿರದ ಶಾಲೆಯೊಂದರಲ್ಲಿ ದಿನವೂ ಐವತ್ತು ಮಕ್ಕಳ ಮೇಲೆ ಕೂಗುವ ಗಂಟಲು ಅದು. ಅತ್ತೆಯದು ಸಣ್ಣ ದನಿ. ಮೇಲಾಗಿ ಅವರು ಕೂಗುವವರೂ ಅಲ್ಲ. "ಬೀದಿಗೆಲ್ಲ ಕೇಳಂಗೆ ಗಂಡನ್ ಕುಟೆ ಮಾತಾಡಕಾಯ್ತದಾ?" ಅಂದು ಕೈಸನ್ನೆಯಲ್ಲೇ ಸಂಸಾರ ನಡೆಸುತ್ತಿದ್ದರು. ಮುದ್ದೆ ಬೇಕಾದರೆ ಮುಷ್ಟಿ ತೋರಿಸುವುದು, ಸಾರಿಗೆ ಸೌಟು ಎತ್ತುವುದು, ಸ್ನಾನಕ್ಕೆ ತಲೆ ಮುಟ್ಟುವುದು.

ಒಂದು ದಿನ ಮಾವ ನನ್ನನ್ನು ಜಗಲಿಗೆ ಕರೆದು ಹೇಳಿದರು. "ಮಗ, ನಿಮ್ಮತ್ತೆ ಅನ್ನ ಇಕ್ಕುವಾಗ ಬಾಯಿ ಆಡದು ಕಾಣ್ತದೆ, ಮಾತು ಕೇಳಕಿಲ್ಲ. ದಿನಾ ಏನೋ ಯೋಳ್ತಾಳೆ. ಸಾಯದ್ರೊಳಗೆ ಅದೇನು ಅಂತ ಒಂದಪ ಕೇಳ್ಬೇಕು ಕಣ್ ಮಗ." ಯಾವತ್ತೂ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದ ಮನುಷ್ಯ ಅಲ್ಲ ಅವರು. ಮುಂದಿನ ಭಾನುವಾರವೇ ಮಂಡ್ಯಕ್ಕೆ ಕರೆದುಕೊಂಡು ಹೋಗಿ ಎರಡೂ ಕಿವಿಗೆ ಮಿಷನ್ ಹಾಕಿಸಿದೆ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹಿಂದಿನ ಕಿವಿ ಮಿಷನ್ನಿಗೆ ತಿರುಗಿಸುವ ಚಕ್ರ ಇರುತ್ತಿತ್ತು. ಇದಕ್ಕೆ ಚಕ್ರವೂ ಇಲ್ಲ, ಗುಂಡಿಯೂ ಇಲ್ಲ. ಸದ್ದು ಹೆಚ್ಚು ಕಡಿಮೆ ಮಾಡುವುದೆಲ್ಲ ಫೋನಿನ ಆ್ಯಪಿನಲ್ಲಂತೆ. ಅಂಗಡಿಯ ಹುಡುಗಿ ನನ್ನ ಫೋನಿಗೇ ಆ್ಯಪ್ ಹಾಕಿ, ಮಿಷನ್ ಜೋಡಿಸಿ, "ಮನೇಲಿದ್ದಾಗ ಒಂದು ಸೆಟ್ಟಿಂಗು, ಹೊರಗಡೆ ಒಂದು, ಎದುರು ಕೂತು ಒಬ್ರೇ ಮಾತಾಡುವಾಗ ಒಂದು" ಎಂದು ತೋರಿಸಿದಳು. ಮಾವ ಮೇಲೆ ನೋಡಿ ಫ್ಯಾನು ಸದ್ದು ಮಾಡುತ್ತದೆಯಲ್ಲ ಎಂದು ನಕ್ಕರು.

ಮಾರನೆಯ ದಿನದಿಂದ ತಾಪತ್ರಯ. ಬೆಳಿಗ್ಗೆ ಏಳೂವರೆಗೆ ನಾನು ಮದ್ದೂರಿನ ಬಸ್ಸು ಹತ್ತಿದರೆ ಫೋನೂ ನನ್ನ ಜೊತೆಯೇ ಹೋಗುತ್ತದೆ. ನಾನು ಯಾವ ಸೆಟ್ಟಿಂಗಿನಲ್ಲಿ ಬಿಟ್ಟು ಹೋದೆನೋ ಸಂಜೆಯವರೆಗೂ ಮಾವನಿಗೆ ಅದೇ ಗತಿ. ಒಂದು ದಿನ ಹೊರಗಡೆಯ ಸೆಟ್ಟಿಂಗಿನಲ್ಲೇ ಬಿಟ್ಟು ಹೋಗಿಬಿಟ್ಟೆ. ಅತ್ತೆ ಪಾತ್ರೆ ತೊಳೆದ ಸದ್ದಿಗೆ ಮಾವ ತಲೆ ಹಿಡಿದುಕೊಂಡು ಮಿಷನ್ ಕಿತ್ತು ಡಬ್ಬಿಗೆ ಹಾಕಿದರಂತೆ. ಸಾಲದ್ದಕ್ಕೆ ಇನ್ನೊಂದು ದೂರು. "ಇದ ಆಕ್ಕಂಡು ಉಣ್ಣಕ್ ಕುಂತ್ರೆ ಅವಳು ಬಾಯೇ ಬುಡಕಿಲ್ಲ. ಕಿತ್ತಿಕ್ಕುದ್ ತಕ್ಷಣ ಸುರು ಮಾಡ್ತಾಳೆ. ನಿನ್ ಸೆಟ್ಟಿಂಗೇ ಸರಿಗಿಲ್ಲ ಕಣ್ ಮಗ. ನನ್ ಫೋನ್ಗೇ ಆಕ್ಕೊಡು, ನಾನೇ ನೋಡ್ಕತೀನಿ."

ಅವರ ಫೋನು. ಏನು ಹೇಳಲಿ? ರಿಟೈರಾದ ವರ್ಷ ಕೊಂಡದ್ದು. ಹಿಂದಿನ ಮುಚ್ಚಳ ನಿಲ್ಲದೆ ರಬ್ಬರ್ ಬ್ಯಾಂಡು ಬಿಗಿದಿದ್ದರು. ಕರೆ ಬರುತ್ತದೆ, ಕರೆ ಹೋಗುತ್ತದೆ, ನೆಂಟರು ಕಳಿಸಿದ ಹೂವಿನ ಚಿತ್ರಗಳು ಬರುತ್ತವೆ. ಅದರ ಸಿಸ್ಟಮ್ಮು ಮಾತ್ರ ಎಷ್ಟು ಹಳೆಯದೆಂದರೆ ಆ್ಯಪ್ ಸ್ಟೋರ್ ಒತ್ತಿದರೆ ಬಿಳೀ ಪರದೆ ಬಂದು, ಎರಡು ಸಲ ಮಿಣುಕಿ, ಮುಚ್ಚಿಕೊಳ್ಳುತ್ತಿತ್ತು. ಮಳವಳ್ಳಿಯ ಮೊಬೈಲ್ ಅಂಗಡಿಯವನು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಅಕ್ಕ, ಇದ್ಕೆ ಏನ್ ಮಾಡುದ್ರೂ ದಂಡ ಕಣಕ್ಕ. ಒಸಾದ್ ತಕ್ಕೊಬುಡಿ" ಎಂದ.

ಹೊಸದು ಕೊಡಿಸುತ್ತೇವೆ ಎಂದು ನಾನೂ ಹೇಳಿದೆ, ನಮ್ಮ ಯಜಮಾನರೂ ಹೇಳಿದರು. ಮಾವ ಕೇಳಿದರೆ ತಾನೆ? "ಓಡೋ ಮಿಷನ್ನ ಗುಜರಿಗೆ ಆಕದ ನಾನು ಕಲ್ತಿಲ್ಲ. ನಮ್ ತಾತನ್ ಕಾಲದ್ ಮಿಷನ್ನ ಎಣ್ಣೆ ಬುಟ್ಟು ಓಡಿಸ್ದೋನು ನಾನು" ಎಂದು ಫೋನನ್ನು ಜೇಬಿಗೆ ಇಳಿಸಿದರು. ಯಜಮಾನರಿಗೆ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ. "ಓದಿರೋಳು ನೀನು, ನೀನೇ ನೋಡು" ಎಂದು ನನ್ನ ತಲೆಗೆ ಕಟ್ಟಿ ಬೈಕ್ ಹತ್ತಿ ಹೋದರು. ಓದಿದ್ದು ಕನ್ನಡ ಸಾಹಿತ್ಯ, ಮಾಡುವುದು ಫೋನ್ ರಿಪೇರಿ. ನನ್ನ ಕರ್ಮ.

ಅಂತರ್ಜಾಲದಲ್ಲಿ ಹುಡುಕಿ ಹುಡುಕಿ ನನಗೆ ತಿಳಿದದ್ದು ಇಷ್ಟು. ಸ್ಟೋರು ಅನ್ನುವುದು ಒಂದೇ ಆ್ಯಪ್ ಅಲ್ಲ. ಅದರ ಬೆನ್ನಿಗೆ ಇನ್ನೂ ಮೂರು ಇವೆ. ಮೊದಲನೆಯದು ನಮ್ಮ ಖಾತೆ ನೋಡಿಕೊಳ್ಳುತ್ತದೆ. ಎರಡನೆಯದು ಫೋನನ್ನು ಪರಿಚಯ ಮಾಡಿಸುತ್ತದೆ. ಮೂರನೆಯದು ಒಳಗೇ ಕೂತು ಎಲ್ಲರಿಗೂ ಸೇವೆ ಒದಗಿಸುತ್ತದೆ. ಸ್ಟೋರು ನಾಲ್ಕನೆಯದು. ನಾಲ್ಕಕ್ಕೂ ಆ ಹಳೇ ಸಿಸ್ಟಮ್ಮಿಗೆ ಸರಿಹೊಂದುವ ಹಳೇ ಆವೃತ್ತಿಯನ್ನೇ ಹುಡುಕಬೇಕು, ಇದೇ ಕ್ರಮದಲ್ಲೇ ಹಾಕಬೇಕು. ಎಸರು ಕುದಿಯುವ ಮೊದಲು ಹಿಟ್ಟು ಸುರಿದರೆ ಮುದ್ದೆ ಗಂಟಾಗುತ್ತದಲ್ಲ, ಹಾಗೆ ಒಂದು ಹಿಂದೆ ಮುಂದೆ ಆದರೂ ಎಲ್ಲ ಕೆಟ್ಟು, ಅಳಿಸಿ ಮತ್ತೆ ಮೊದಲಿಂದ.

ಹಾಕಲು ಫೋನು ಕೈಗೆ ಸಿಗಬೇಕಲ್ಲ. ಅದಕ್ಕೂ ಒಂದು ಕಾನೂನು. ಮಾವ ಆ ಫೋನಿಗೊಂದು ಲಾಗ್ ಬುಕ್ ಇಟ್ಟಿದ್ದರು. ಪವರ್ ಹೌಸಿನಲ್ಲಿ ಮಿಷನ್ನಿನ ಏನು ವಿಚಾರವಾದರೂ ಗಂಟೆ ನಿಮಿಷ ಹಾಕಿ ಬರೆಯುವ ಪುಸ್ತಕ ಇರುತ್ತದಂತೆ, ಹಾಗೆ ಇನ್ನೂರು ಪುಟದ ಒಂದು ನೋಟ್‌ಬುಕ್. ಎಷ್ಟು ಗಂಟೆಗೆ ಆನ್, ಎಷ್ಟಕ್ಕೆ ಚಾರ್ಜು, ಯಾರು ತೆಗೆದುಕೊಂಡರು, ಯಾಕೆ. ನಾನು ಫೋನು ಕೇಳಿದರೆ ಮೊದಲು ಪುಸ್ತಕಕ್ಕೆ ಸಹಿ ಹಾಕಬೇಕು. "ಸೊಸೆ, 6-40, ಆ್ಯಪ್ ಕೆಲಸ." ವಾಪಸು ಕೊಟ್ಟಾಗ ಮತ್ತೆ ಸಹಿ. ಅದರಲ್ಲಿ ಒಂದಕ್ಷರ ಸುಳ್ಳು ಇರುವಂತಿಲ್ಲ. ಅತ್ತೆಯೇ ಒಮ್ಮೆ ಹೇಳಿದ್ದರು, ಕೆಲಸದಲ್ಲಿದ್ದಾಗ ಮಾವ ಯಾರೂ ನೋಡದ ಒಂದು ಬೆಳಗಿನ ಜಾವ ಹತ್ತು ನಿಮಿಷ ತಡವಾಗಿ ಬಂದದ್ದನ್ನು ತಾವೇ ಬರೆದುಕೊಂಡು ಬೈಸಿಕೊಂಡಿದ್ದರಂತೆ.

ಮೊದಲನೆಯ ಸಲ ಹಾಕಿದೆ. ಗೊತ್ತಿಲ್ಲದ ಕಡೆಯಿಂದ ಬಂದ ಆ್ಯಪಿಗೆ ಅನುಮತಿ ಇಲ್ಲ ಎಂದಿತು. ಸೆಟ್ಟಿಂಗಿಗೆ ಹೋಗಿ ಅನುಮತಿ ಕೊಟ್ಟೆ. ಜಾಗ ಇಲ್ಲ ಎಂದಿತು. ನೋಡಿದರೆ ಒಳಗೆ ಬರೀ ಶುಭೋದಯದ ಹೂವುಗಳು. ಅಳಿಸುತ್ತೇನೆ ಎಂದರೆ ಮಾವ ಪಕ್ಕದಲ್ಲಿ ಕೂತು ಒಂದೊಂದನ್ನೂ ಪುಸ್ತಕಕ್ಕೆ ಏರಿಸಿದರು. "ದಾಸವಾಳ, ಒಂದು. ಗುಲಾಬಿ, ನಾಲ್ಕು." ಅವತ್ತು ನನ್ನ ಬಸ್ಸು ತಪ್ಪಿತು. ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಏನು ಕಾರಣ ಹೇಳಲಿ, ದಾಸವಾಳ ಅಂತಲೇ?

ಎರಡನೆಯ ಸಲ ನಾಲ್ಕೂ ಕೂತವು. ಖಾತೆ ತೆರೆಯಲು ಹೋದರೆ ಸಂಪರ್ಕವೇ ಇಲ್ಲ ಅನ್ನುತ್ತದೆ. ಸಿಗ್ನಲ್ ನೋಡಿದರೆ ಇದೆ, ನೆಟ್ ನೋಡಿದರೆ ಇದೆ. ಎರಡು ಸಂಜೆ ತಲೆ ಚಚ್ಚಿಕೊಂಡ ಮೇಲೆ ಕಂಡದ್ದು, ಫೋನಿನ ತಾರೀಖು ಎಷ್ಟೋ ವರ್ಷ ಹಿಂದೆ ನಿಂತುಬಿಟ್ಟಿತ್ತು. ಬ್ಯಾಟರಿ ಬಿಚ್ಚಿ ಹಾಕಿದಾಗಲೆಲ್ಲ ಅದು ಹಿಂದಕ್ಕೆ ಹೋಗುತ್ತಿತ್ತಂತೆ. "ಅದ್ಕೇನ್ ಮಗ, ಗೋಡೆ ಮ್ಯಾಲೆ ಕ್ಯಾಲೆಂಡರ್ ಅದಲ್ಲ" ಅಂದರು ಮಾವ. ನಾನು ಎದ್ದು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಮೂರನೆಯ ಸಲ ಖಾತೆಯೂ ತೆರೆಯಿತು. ಇನ್ನು ಉಳಿದದ್ದು ಒಂದೇ. ಆ ಸೇವೆಯ ಆ್ಯಪ್ ತನ್ನಷ್ಟಕ್ಕೆ ತಾನು ಹೊಸದಾಗಿಕೊಳ್ಳಬೇಕು, ಆಮೇಲೆ ಸ್ಟೋರು ತೆರೆಯುತ್ತದೆ. ನಮ್ಮ ಬೀದಿಯ ನೆಟ್ಟಿಗೆ ಅದು ಅರ್ಧ ದಿನದ ಕೆಲಸ. ಬೆಳಿಗ್ಗೆ ಹಚ್ಚಿಟ್ಟು ಶಾಲೆಗೆ ಹೋದೆ. ಸಂಜೆ ಬಂದರೆ ಮತ್ತೆ ಬಿಳೀ ಪರದೆ. ಪುಸ್ತಕ ತೆರೆದೆ. "2-00. ಫೋನ್ ಬಂದ್. ರೆಸ್ಟು." ದಿನಾ ಎರಡರಿಂದ ನಾಲ್ಕರವರೆಗೆ ಮಿಷನ್ ತಣ್ಣಗಾಗಲಿ ಎಂದು ಫೋನನ್ನು ಆಫ್ ಮಾಡಿಡುವುದು ಅವರ ಪದ್ಧತಿ. ಕೆಲಸ ಅರ್ಧಕ್ಕೆ ನಿಂತು ಎಲ್ಲ ಕೆಟ್ಟಿತ್ತು. ನಾನು ಅವತ್ತು ಮಾತಾಡಲಿಲ್ಲ. ಮಾತಾಡಿದ್ದರೆ ಬೀದಿಗೆಲ್ಲ ಕೇಳುತ್ತಿತ್ತು.

ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: "ನಾನು ಹೇಳುವವರೆಗೆ ಆಫ್ ಮಾಡಬಾರದು." ಕೆಳಗೆ ಸಹಿ ಹಾಕಿದೆ. ಬರೆದದ್ದಕ್ಕೆ ಮಾವ ಎಂದೂ ತಪ್ಪುವವರಲ್ಲ. ಮತ್ತೆ ಎಲ್ಲ ಅಳಿಸಿ, ನಾಲ್ಕನ್ನೂ ಹಾಕಿ, ಹಚ್ಚಿಟ್ಟು ಹೋದೆ. ಸಂಜೆ ಬಂದು ನೋಡಿದರೆ, "1-40. ಕೈ ತೊಳೆದು ಬಂದಾಗ ಫೋನ್ ಆಫ್ ಆಗಿತ್ತು. ನಾನು ಮಾಡಿದ್ದಲ್ಲ. ಕಾರಣ ತಿಳಿಯದು." ಮಾರನೆಯ ದಿನವೂ 1-40. ಅದರ ಮಾರನೆಯ ದಿನ 1-35. ಬ್ಯಾಟರಿಯೇ ಹೋಗಿರಬೇಕೆಂದು ಮಂಡ್ಯದಲ್ಲೆಲ್ಲ ಅಲೆದು ಅದಕ್ಕೆ ಹೊಂದುವ ಬ್ಯಾಟರಿ ತಂದು ಹಾಕಿದೆ. ಮತ್ತೆ 1-40. ಯಾವ ಫೋನು ತಾನೆ ಊಟದ ಹೊತ್ತು ನೋಡಿಕೊಂಡು ಸಾಯುತ್ತದೆ? ನನ್ನ ತಲೆಗೆ ಅದು ಹೊಳೆಯಲೇ ಇಲ್ಲ, ನನ್ನ ಬುದ್ಧಿಗಿಷ್ಟು.

ಶನಿವಾರ ಶಾಲೆ ಬೆಳಗಿನ ಹೊತ್ತು ಮಾತ್ರ. ಅವತ್ತು ಮಾಮೂಲಿ ಬಸ್ಸಿಗೆ ಮೊದಲೇ ಇನ್ನೊಂದು ಸಿಕ್ಕಿ ಬೇಗ ಮನೆಗೆ ಬಂದೆ. ಹಿತ್ತಲ ಬಾಗಿಲಿಂದ ಒಳಗೆ ಕಾಲಿಟ್ಟೆ. ಮಾವ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದರು. ನಡುಮನೆಯಲ್ಲಿ ಅತ್ತೆ ಮಾವನ ಫೋನನ್ನು ಸೆರಗಿನಲ್ಲಿ ಹಿಡಿದು, ಪಕ್ಕದ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ನಿಂತಿದ್ದರು. ಪರದೆ ಕಪ್ಪಾಗುವವರೆಗೆ ಬಿಡಲಿಲ್ಲ.

ನಾನು ಅವರ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ. "ಅತ್ತೆ, ನಾನು ಎಷ್ಟು ದಿನದಿಂದ ಸಾಯ್ತಾ ಇದೀನಿ ಇದರ ಜೊತೆ. ಅವರಿಗೆ ಕಿವಿ ಕೇಳೋದು ನಿಮಗೆ ಬೇಡವಾ?" ಎಂದು ಕೇಳಿದೆ.

ಅವರು ಒಗೆಯುವ ಕಲ್ಲಿನ ಮೇಲೆ ಕುಳಿತರು. "ಬ್ಯಾಡ ಅಂತ ಯಾಕಂದೇನು ಮಗ. ಆದ್ರೆ ಫೋನ್ ಸರಿಯಾದ್ರೆ ಅವರು ಉಣ್ಣುವಾಗ್ಲೂ ಮಿಷನ್ ಕೀಳಕಿಲ್ಲ, ನಾನ್ ಎಲ್ಲಿಗೋಗ್ ಮಾತಾಡ್ಲಿ?"

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರೇ ಹೇಳಿದರು. ನಾನು ಆ ಮನೆಗೆ ಬಂದು ಹದಿನಾಲ್ಕು ವರ್ಷ, ಒಂದು ದಿನವೂ ಈ ವಿಷಯ ಕೇಳಿರಲಿಲ್ಲ. ಅತ್ತೆ ಎಸ್ಸೆಸ್ಸೆಲ್ಸಿ ಪಾಸಾದವರು ಎಂಬುದೇ ನನಗೆ ಗೊತ್ತಿರಲಿಲ್ಲ. ಮದುವೆಗೆ ಮೊದಲು ಮೇಷ್ಟ್ರ ಟ್ರೈನಿಂಗಿಗೆ ಅರ್ಜಿ ಹಾಕಿದ್ದರಂತೆ. ಮದುವೆಯಾಗಿ ಶಿವನಸಮುದ್ರದ ಕ್ವಾರ್ಟರ್ಸಿಗೆ ಬಂದ ಮೇಲೆ ಸೀಟು ಸಿಕ್ಕಿದೆ ಎಂಬ ಕಾರ್ಡು ತವರಿನ ವಿಳಾಸದಿಂದ ತಿರುಗಿ ಅಲ್ಲಿಗೆ ಬಂತು. ಮಾವ ಗೇಟಿನ ಹತ್ತಿರವೇ ಪೋಸ್ಟ್‌ಮ್ಯಾನ್ ಕೈಯಿಂದ ಅದನ್ನು ತೆಗೆದು ನೋಡಿ, ಈ ಹೆಸರಿನವರು ಇಲ್ಲಿಲ್ಲ ಎಂದು ವಾಪಸು ಕಳಿಸಿದರು. ಮೂರು ವರ್ಷ ಕಳೆದು ಅದೇ ಪೋಸ್ಟ್‌ಮ್ಯಾನ್, ನಿಮ್ಮ ಹೆಸರಿನ ಟ್ರೈನಿಂಗ್ ಕಾರ್ಡನ್ನು ಯಜಮಾನರು ಅವತ್ತು ಯಾಕೆ ವಾಪಸು ಕಳಿಸಿದರಮ್ಮ ಎಂದು ಅತ್ತೆಯನ್ನೇ ಕೇಳಿದನಂತೆ.

"ಆಗ ನನ್ ಮಗ ಕೈಗೂಸು. ಕೇಳಿ ಏನ್ ಮಾಡ್ಲಿ ಅಂತ ಸುಮ್ನಾದೆ" ಎಂದರು ಅತ್ತೆ. "ನಂಗೆ ಗೊತ್ತು ಅಂತ ಅವರ್ಗೆ ಇವತ್ಗೂ ಗೊತ್ತಿಲ್ಲ. ಕಿವಿ ಓದ್ಮ್ಯಾಕೆ ಸುರು ಮಾಡ್ದೆ ಕಣವ್ವ. ದಿನಾ ಮಧ್ಯಾನ ಅನ್ನ ಇಕ್ತಾ ಮಕದ್ ಮುಂದ್ಲೇ ಕೇಳ್ತೀನಿ. ಆ ಕಾರ್ಡ್ ಯಾಕ್ ಕಳಿಸ್ದೆ ಅಂತ. ನೀನು ತಾನು ಅಂತ್ಲೇ ಕೇಳ್ತೀನಿ. ಕೇಳಿ ಕೇಳಿ ನಂಗೊಂದೀಟು ಹಗುರ ಆಯ್ತದೆ. ಈ ವಯ್ಸಲ್ಲಿ ಅದು ಅವರ್ ಕಿವಿಗ್ ಬಿದ್ರೆ ಮಕ ಎಂಗ್ ನೋಡ್ಲಿ? ಕೇಳ್ದೆ ಇದ್ರೂ ನನ್ ಕೈಲಾಗಕಿಲ್ಲ."

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಮಾವನ ಮೇಲೆ ಬಂತು, ತುಂಬಾ ಬಂತು. ದಿನಾ ಬೆಳಿಗ್ಗೆ ನನ್ನ ಊಟದ ಡಬ್ಬಿ ಕಟ್ಟಿಕೊಟ್ಟು, ಬಸ್ಸಿಗೆ ಹೊತ್ತಾಯಿತು ಹೋಗು ಎಂದು ಗೇಟಿನವರೆಗೆ ಬಂದು ನಿಲ್ಲುತ್ತಿದ್ದವರು ಅತ್ತೆ. ನಾನು ಶಾಲೆಯ ಗೋಳು ಹೇಳಿಕೊಂಡು ಕೂತರೆ ಒಂದು ಮಾತೂ ಆಡದೆ ಕೇಳುತ್ತಿದ್ದವರು ಅವರು. ಎಷ್ಟು ಸಲ ಅವರ ಮುಂದೆ ಈ ಕೆಲಸ ಸಾಕಾಯಿತು ಎಂದು ಗೊಣಗಿದ್ದೇನೋ, ನೆನೆದರೆ ನಾಚಿಕೆಯಾಗುತ್ತದೆ.

ಕಡೆಗೆ ನಾವಿಬ್ಬರೂ ಒಂದು ತೀರ್ಮಾನಕ್ಕೆ ಬಂದೆವು. ಆ್ಯಪಿನಲ್ಲಿ ಸದ್ದು ಪೂರ್ತಿ ಬಂದ್ ಮಾಡುವುದಕ್ಕೂ ಒಂದು ಗುಂಡಿ ಇದೆ. ಮಾವ ಮಧ್ಯಾಹ್ನದ ಊಟದ ಹೊತ್ತು ಅದನ್ನು ಒತ್ತಿದರೆ ಸಾಕು. ಉಳಿದ ಹೊತ್ತೆಲ್ಲ ಅವರಿಗೆ ಕಿವಿ, ಆ ಅರ್ಧ ಗಂಟೆ ಅತ್ತೆಗೆ ಬಾಯಿ.

ಮಾರನೆಯ ದಿನ ಭಾನುವಾರ, ಬೆಳಗಿನಿಂದ ಸಂಜೆಯವರೆಗೆ ಆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಯಾರನ್ನೂ ಹತ್ತಿರ ಬಿಡಲಿಲ್ಲ. ಸಂಜೆ ನಾಲ್ಕೂವರೆಗೆ ಸ್ಟೋರು ತೆರೆಯಿತು. ತೆರೆದು, ಈ ಆ್ಯಪಿನ ಹೊಸ ಆವೃತ್ತಿ ನಿಮ್ಮ ಫೋನಿಗೆ ಹೊಂದುವುದಿಲ್ಲ ಎಂದಿತು. ಫೋನನ್ನು ಎತ್ತಿ ತೆಂಗಿನ ಮರಕ್ಕೆ ಬೀಸಿಬಿಡೋಣ ಅನ್ನಿಸಿತು. ಅದೇ ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ, ಹಳೆಯ ಆವೃತ್ತಿ ಬೇಕೇ ಎಂದು ಕೇಳಿತ್ತು. ಬೇಕು ಎಂದು ಒತ್ತಿದೆ. ಇಳಿಯಿತು. ಮಿಷನ್ ಜೋಡಿಯಾಯಿತು. ಮಾವ "7-05. ಕೆಲಸ ಮುಗಿದಿದೆ" ಎಂದು ಬರೆದು ನನ್ನ ಸಹಿ ಹಾಕಿಸಿಕೊಂಡರು.

ನಾನು ಅವರಿಗೆ ಎಲ್ಲ ಗುಂಡಿ ತೋರಿಸಿ, ಕೊನೆಗೆ ಸುಳ್ಳು ಹೇಳಿದೆ. "ಮಧ್ಯಾಹ್ನ ಊಟ ಮಾಡುವಾಗ ಇದನ್ನ ಒತ್ತಿ ಬಂದ್ ಮಾಡಿಬಿಡಿ ಮಾವ. ಕಿವಿಗೆ ರೆಸ್ಟು ಬೇಕಂತೆ, ಮಂಡ್ಯದ ಹುಡುಗಿ ಹೇಳಿದ್ಲು."

ಮಾವ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಡುಗೆಮನೆಯ ಕಡೆ ನೋಡಿದರು. "ಆಯ್ತು ಬುಡು ಮಗ. ಮಿಷನ್ಗೂ ರೆಸ್ಟು ಬೇಕಲ್ವಾ" ಎಂದರು.

ಮುಂದಿನ ಶನಿವಾರ ಮಧ್ಯಾಹ್ನದ ಊಟಕ್ಕೆ ನಾನೂ ಇದ್ದೆ. ಮಾವ ತಟ್ಟೆಯ ಮುಂದೆ ಕೂತು, ಫೋನನ್ನು ಎತ್ತಿ ಅತ್ತೆಗೆ ಕಾಣುವ ಹಾಗೆ ಹಿಡಿದು, ಬೆರಳಿಂದ ಒತ್ತಿ, "ಬಂದ್ ಮಾಡಿವ್ನಿ ಕಣಮ್ಮಿ" ಎಂದು ಜೋರಾಗಿ ಹೇಳಿ ಬೋರಲು ಹಾಕಿ ಪಕ್ಕಕ್ಕಿಟ್ಟರು. ವಾರವೆಲ್ಲ ಹೀಗೇ ಮಾಡುತ್ತಿದ್ದರಂತೆ. ಅತ್ತೆ ಮುದ್ದೆ ಇಟ್ಟರು, ಸಾರು ಬಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, ನಾನು ಅಲ್ಲಿರುವುದನ್ನೂ ಮರೆತು ಶುರು ಮಾಡಿದರು.

"ಆ ಕಾರ್ಡ್ ವಾಪಸ್ ಕಳಿಸ್ದಲ್ಲ, ನಿನ್ ಕೈ ನಡುಗ್ನಿಲ್ವಾ? ಒಂದ್ ಮಾತು ನನ್ ಕೇಳಿದ್ರೆ ಏನಾಗ್ತಿತ್ತು? ಬ್ಯಾಡ ಅಂದಿದ್ರೆ ನಾನೇ ಸುಮ್ಕಾಗ್ತಿದ್ದೆ. ಇಲ್ಲಿಲ್ಲ ಅಂದ್ಯಲ್ಲ. ಒಳಗೆ ರೊಟ್ಟಿ ತಟ್ತಾ ಇದ್ದೆ ನಾನು. ಇಲ್ಲೇ ಇದ್ದೆ."

ಮಾವ ತಲೆ ಎತ್ತಲಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುತ್ತಿದ್ದರು. ಸೌಟಿನಿಂದ ಸಾರು ಚೆಲ್ಲಿ ಫೋನಿನ ಕಡೆ ಹರಿಯಿತು. ನಾನು ಬಗ್ಗಿ ಅದನ್ನು ಎತ್ತಿಕೊಂಡೆ. ಪರದೆ ಬೆಳಗಿತು.

ಮಿಷನ್ ಆಫ್ ಆಗಿರಲಿಲ್ಲ. ಎದುರು ಕೂತು ಒಬ್ಬರೇ ಮಾತಾಡುವಾಗಿನ ಸೆಟ್ಟಿಂಗು. ಸದ್ದಿನ ಗೆರೆ ತುದಿಯವರೆಗೂ ಹೋಗಿತ್ತು.

ನಾನು ಮಾವನನ್ನು ನೋಡಿದೆ. ಅವರೂ ಒಂದು ಸಲ ನನ್ನನ್ನು ನೋಡಿ, ಕೈ ಚಾಚಿ ಫೋನು ಇಸಿದುಕೊಂಡು ಮತ್ತೆ ಬೋರಲು ಹಾಕಿದರು. ಅತ್ತೆ ಸೌಟು ಎತ್ತಿ ಸನ್ನೆಯಲ್ಲಿ ಸಾರು ಬೇಕೇ ಎಂದು ಕೇಳಿದರು. ಮಾವ ತಲೆಯಾಡಿಸಿ ತಟ್ಟೆ ಮುಂದೆ ಸರಿಸಿದರು. ಅತ್ತೆ ಸಾರು ಬಿಡುತ್ತಾ ಮಿಕ್ಕದ್ದನ್ನು ಹೇಳಿ ಮುಗಿಸಿದರು.

ಸಂಜೆ ಮಾವ ಜಗಲಿಯಲ್ಲಿ ಇಲ್ಲದ ಹೊತ್ತು ನೋಡಿ ನಾನು ಆ ಪುಸ್ತಕ ತೆರೆದೆ. ಇಡೀ ವಾರದ ಮಧ್ಯಾಹ್ನಗಳು ಅಲ್ಲಿದ್ದವು, ಗುಂಡಗಿನ ಅಕ್ಷರದಲ್ಲಿ, ದಿನಕ್ಕೊಂದು ಸಾಲು, ಒಂದರ ಕೆಳಗೊಂದು.

"1-15. ಊಟ. ಕಿವಿ ಮಿಷನ್ ಬಂದ್. ಏನೂ ಕೇಳಿಸಲಿಲ್ಲ."